ಹಿಡಿಯಲೂ ಬೇಕು, ಬಿಡಲೂ ಬೇಕು: ರೈಲು ಬೋಗಿಗಳ ಕೊಂಡಿಯ ಕಥೆ

1831ರ ಆಗಸ್ಟ್ 9ರಂದು ನ್ಯೂಯಾರ್ಕ್ ರಾಜ್ಯದ ಆಲ್ಬನಿಯಿಂದ ಸ್ಕೆನೆಕ್ಟಡಿಗೆ ‘ಡಿವಿಟ್ ಕ್ಲಿಂಟನ್’ ಎಂಬ ಉಗಿ ಎಂಜಿನ್ ಹೊರಟಿತು. ಹಿಂದಿದ್ದವು ಕುದುರೆ ಸಾರೋಟಿನಂಥ ಡಬ್ಬಿಗಳು. ಅವುಗಳನ್ನು ಒಂದಕ್ಕೊಂದು ಸರಪಳಿಯಿಂದ ಸಿಕ್ಕಿಸಿದ್ದರು, ಸರಪಳಿ ಎರಡು-ಮೂರು ಅಡಿ ಸಡಿಲವಿತ್ತು. ಎಂಜಿನ್ ಎಳೆದದ್ದೇ ತಡ, ಸರಪಳಿಗಳು ಒಂದಾದ ಮೇಲೊಂದು ಜಗ್ಗಿ ಪ್ರಯಾಣಿಕರು ಕೂತಲ್ಲಿಂದ ಎಗರಿಬಿದ್ದರು. ಎಂಜಿನ್ ನಿಂತಾಗ ಡಬ್ಬಿಗಳು ಒಂದಕ್ಕೊಂದು ಗುದ್ದಿ ಮತ್ತೊಮ್ಮೆ ಬಿದ್ದರು. ನೀರು ತುಂಬಿಸಲು ಗಾಡಿ ನಿಂತ ಜಾಗದಲ್ಲಿ ಯಾರಿಗೋ ಉಪಾಯ ಹೊಳೆಯಿತು. ಪಕ್ಕದ ಬೇಲಿಯ ಮರದ ಗಳುಗಳನ್ನು ಕಿತ್ತು ತಂದು, ಸರಪಳಿ ಬಿಗಿಯಾಗಿ ನಿಲ್ಲುವಂತೆ ಎರಡೆರಡು ಡಬ್ಬಿಗಳ ನಡುವೆ ಒತ್ತುಕೊಟ್ಟು ಕಟ್ಟಿದರು. ಮುಂದಿನ ದಾರಿ ಸುಸೂತ್ರವಾಯಿತು.

ಅದೇ ವರ್ಷ ಜೂನ್‌ನಲ್ಲಿ, ದಕ್ಷಿಣ ಕೆರೊಲೈನಾದಲ್ಲಿ ‘ಬೆಸ್ಟ್ ಫ್ರೆಂಡ್ ಆಫ್ ಚಾರ್ಲ್ಸ್‌ಟನ್’ ಎಂಬ ಎಂಜಿನ್ನಿನ ಬಾಯ್ಲರ್ ಸಿಡಿದಿತ್ತು. ಬೆದರಿದ ಜನರಿಗೆ ಧೈರ್ಯ ತುಂಬಲು ರೈಲು ಕಂಪನಿ ಎಂಜಿನ್ನಿಗೂ ಪ್ರಯಾಣಿಕರ ಡಬ್ಬಿಗೂ ನಡುವೆ ಹತ್ತಿಯ ಅಂಡಿಗೆ ಪೇರಿಸಿದ ಗಾಡಿಯೊಂದನ್ನು ಸೇರಿಸಿತು.

ಬೇಲಿಯ ಗಳು ಅಂತರವನ್ನು ಹಿಡಿದು ನಿಲ್ಲಿಸಿತು, ಹತ್ತಿಯ ಅಂಡಿಗೆ ಹೊಡೆತವನ್ನು ತನ್ನ ಮೇಲೆ ತೆಗೆದುಕೊಳ್ಳಲು ನಿಂತಿತು. ಎರಡು ಬೋಗಿಗಳ ನಡುವೆ ಇಂದಿಗೂ ಆಗಬೇಕಾದ ಕೆಲಸ ಈ ಎರಡೇ. ಮೊದಲನೆಯದನ್ನು ಮಾಡುವುದು ಕಪ್ಲರ್. ಎರಡನೆಯದನ್ನು ಮಾಡುವುದು ಅದರ ಬೆನ್ನಿಗೆ, ಗಾಡಿಯ ತಳದಲ್ಲಿ ಅಡಗಿ ಕೂತ ಡ್ರಾಫ್ಟ್ ಗೇರ್. ಈ ಕೊಂಡಿಯ ಕಥೆಯ ಮುಖ್ಯ ಅಧ್ಯಾಯಗಳು ನಡೆದದ್ದು ವಾಷಿಂಗ್ಟನ್ ಮತ್ತು ಅದರ ಎದುರು ದಡದಲ್ಲಿ. ಅದನ್ನು ಕಣ್ಣಾರೆ ನೋಡಬಹುದಾದ ಜಾಗವಿರುವುದು ಉತ್ತರ ಕೆರೊಲೈನಾದ ಶಾರ್ಲೆಟ್ ನಗರದ ದಕ್ಷಿಣ ಅಂಚಿನ ಬ್ಯಾಲಂಟೈನ್‌ನಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದೂರದಲ್ಲಿ.

ಬೆರಳು ಕೇಳುತ್ತಿದ್ದ ಕೊಂಡಿ

ಸರಪಳಿಯ ನಂತರ ಅಮೆರಿಕದಲ್ಲಿ ಬಂದದ್ದು ಬಳೆ ಮತ್ತು ಪಿನ್ನಿನ ಕೊಂಡಿ. ಉದ್ದನೆಯ ಕಬ್ಬಿಣದ ಬಳೆಯ ಒಂದು ತುದಿ ಒಂದು ಗಾಡಿಯಲ್ಲಿ, ಇನ್ನೊಂದು ತುದಿ ಎದುರಿನ ಗಾಡಿಯಲ್ಲಿ, ಎರಡಕ್ಕೂ ಮೇಲಿನಿಂದ ಪಿನ್ನು. ಅಗ್ಗದ ಸಾಧನ. ಆದರೆ ಗಾಡಿ ಗಾಡಿಯ ಬಳಿ ಬರುವಾಗ ಬಳೆಯನ್ನು ಕೈಯಲ್ಲಿ ಎತ್ತಿಹಿಡಿದು ಎದುರಿನ ಬಾಯಿಗೆ ತೂರಿಸಲು ಮನುಷ್ಯನೇ ನಡುವೆ ನಿಲ್ಲಬೇಕು. ಕೊಂಡಿಯ ಎತ್ತರವಾಗಲಿ ಅಳತೆಯಾಗಲಿ ಎಲ್ಲ ಕಂಪನಿಗಳಲ್ಲೂ ಒಂದೇ ಆಗಿರಲಿಲ್ಲ. ಕೈ ಹಿಂದಕ್ಕೆಳೆಯುವುದು ಕ್ಷಣ ತಡವಾದರೂ ಬೆರಳು ಹೋಯಿತು, ಕಾಲು ಜಾರಿದರೆ ಪ್ರಾಣವೇ ಹೋಯಿತು. ಬ್ರೇಕ್‌ಮನ್ ಕೆಲಸಕ್ಕೆ ಬಂದವನ ಕೈಯಲ್ಲಿ ಎಷ್ಟು ಬೆರಳಿವೆ ಎಂದು ನೋಡಿದರೆ ಅವನ ಅನುಭವ ತಿಳಿಯುತ್ತದೆ ಎಂಬ ಕಹಿ ಮಾತೇ ರೈಲ್ವೆಯವರ ನಡುವೆ ಚಾಲ್ತಿಯಲ್ಲಿತ್ತು.

ಪರಿಹಾರ ಬಂದದ್ದು ವಾಷಿಂಗ್ಟನ್ನಿನ ಎದುರು, ಪೊಟೊಮ್ಯಾಕ್ ನದಿಯ ಆಚೆ ದಡದ ಅಲೆಕ್ಸಾಂಡ್ರಿಯದಿಂದ. ಈಲೈ ಜ್ಯಾನಿ ಅಲ್ಲಿನ ಜವಳಿ ಅಂಗಡಿಯೊಂದರ ಗುಮಾಸ್ತ. ಅಂತರ್ಯುದ್ಧದಲ್ಲಿ ದಕ್ಷಿಣದ ಸೇನೆಯಲ್ಲಿ ಮೇಜರ್ ಆಗಿದ್ದವನು. ಎಂಜಿನಿಯರಿಂಗ್ ಓದಿದವನಲ್ಲ. ಬಿಡುವಿನ ವೇಳೆಯಲ್ಲಿ ಮರ ಕೆತ್ತಿ ಮಾದರಿ ಮಾಡಿದ. 1873ರ ಏಪ್ರಿಲ್ 29ರಂದು ಅವನಿಗೆ ಸಿಕ್ಕ ಪೇಟೆಂಟಿನ ಸಂಖ್ಯೆ 1,38,405. ನಾವು ನಮ್ಮದೇ ಎರಡು ಕೈಗಳ ಬೆರಳುಗಳನ್ನು ಕೊಕ್ಕೆಯಂತೆ ಬಾಗಿಸಿ ಒಂದಕ್ಕೊಂದು ಸಿಕ್ಕಿಸಿಕೊಂಡರೆ ಹೇಗೋ ಹಾಗೆ ಅವನ ಕಪ್ಲರ್. ಕೀಲಿನ ಮೇಲೆ ತಿರುಗುವ ಬಾಗಿದ ಉಕ್ಕಿನ ತುಂಡಿಗೆ ನಕಲ್ ಎನ್ನುತ್ತಾರೆ. ತೆರೆದ ನಕಲ್‌ಗೆ ಎದುರಿನ ಗಾಡಿಯ ಕಪ್ಲರ್ ಬಂದು ಬಡಿದರೆ ಆ ಬಡಿತಕ್ಕೇ ಅದು ಮುಚ್ಚಿಕೊಳ್ಳುತ್ತದೆ, ಒಳಗಿನ ಬೀಗ ತಾನಾಗಿ ಕೆಳಗೆ ಬೀಳುತ್ತದೆ. ಬಿಡಿಸಲು ಗಾಡಿಯ ಬದಿಯಲ್ಲಿ ನಿಂತು ಒಂದು ಸನ್ನೆಕೋಲನ್ನು ಎತ್ತಿದರೆ ಸಾಕು.

ಇಪ್ಪತ್ತು ವರ್ಷಗಳ ತಡ

ಪೇಟೆಂಟ್ ಬಂತು ಎಂದಮಾತ್ರಕ್ಕೆ ಬೆರಳುಗಳು ಉಳಿಯಲಿಲ್ಲ. ಪ್ರತಿ ಕಂಪನಿಗೂ ತನ್ನದೇ ಕೊಂಡಿ. ಬದಲಾಯಿಸಲು ಹಣ ಬೇಕು, ಒಬ್ಬರೇ ಬದಲಾಯಿಸಿದರೆ ಪಕ್ಕದ ಕಂಪನಿಯ ಗಾಡಿಗೆ ಅದು ಕೂಡುವುದಿಲ್ಲ. ಗಾಡಿ ಕಟ್ಟುವವರ ರಾಷ್ಟ್ರೀಯ ಸಂಘ 1880ರ ದಶಕದ ಕೊನೆಯಲ್ಲಿ ಹಲವು ಕಪ್ಲರ್‌ಗಳನ್ನು ಪರೀಕ್ಷಿಸಿ ಜ್ಯಾನಿಯ ಮಾದರಿಯನ್ನು ಒಪ್ಪಿತು. ಹಕ್ಕುದಾರರು ಆ ನಕಲ್‌ನ ಹೊರರೇಖೆಯ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟರು. ಅಲ್ಲಿಂದ ಮುಂದೆ ಯಾವ ಕಾರ್ಖಾನೆ ಬೇಕಾದರೂ ಒಳಗಿನ ಯಂತ್ರವನ್ನು ತನ್ನಿಷ್ಟದಂತೆ ಮಾಡಬಹುದಿತ್ತು, ಆದರೆ ಎದುರಿನ ಕೊಂಡಿಗೆ ಕೂಡುವ ಬಾಯಿ ಮಾತ್ರ ಎಲ್ಲರದೂ ಒಂದೇ. ಈ ಸಾಧನ ನೂರು ವರ್ಷ ದಾಟಿ ಬಾಳಲು ಮುಖ್ಯ ಕಾರಣ ಇದೇ ಎನ್ನಬೇಕು.

ಆದರೂ ಕಂಪನಿಗಳು ತಾವಾಗಿ ಅವಸರ ಮಾಡಲಿಲ್ಲ. ಅಯೋವಾದ ರೈತ ಲೊರೆಂಜೊ ಕಾಫಿನ್ ತನ್ನ ಕಣ್ಣೆದುರೇ ಬ್ರೇಕ್‌ಮನ್ ಒಬ್ಬ ಬೆರಳು ಕಳೆದುಕೊಂಡದ್ದನ್ನು ನೋಡಿ, ವರ್ಷಗಟ್ಟಲೆ ಸಭೆಯಿಂದ ಸಭೆಗೆ, ಪತ್ರಿಕೆಯಿಂದ ಪತ್ರಿಕೆಗೆ ಅಲೆದ. ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ 1889ರ ತನ್ನ ವಾರ್ಷಿಕ ಸಂದೇಶದಲ್ಲಿ, ಒಂದೇ ವರ್ಷದಲ್ಲಿ 2,000ಕ್ಕೂ ಹೆಚ್ಚು ರೈಲ್ವೆ ನೌಕರರು ಸತ್ತು 20,000ಕ್ಕೂ ಹೆಚ್ಚು ಮಂದಿ ಗಾಯಗೊಂಡರೆಂದು ಕಾಂಗ್ರೆಸ್ಸಿಗೆ ತಿಳಿಸಿದ. ದುಡಿಯುವವರಿಗೆ ಯುದ್ಧಕಾಲದ ಸೈನಿಕನಷ್ಟೇ ಅಪಾಯವಿರುವುದು ನಾಗರಿಕತೆಗೆ ಕಳಂಕ ಎಂದ. 1893ರ ಮಾರ್ಚ್ 2ರಂದು, ಅಧಿಕಾರ ಬಿಡಲು ಎರಡು ದಿನವಿದ್ದಾಗ, ರೈಲ್ವೆ ಸುರಕ್ಷಾ ಸಾಧನಗಳ ಕಾಯ್ದೆಗೆ ಸಹಿ ಹಾಕಿದ. ಬಡಿತಕ್ಕೇ ಕೂಡಿಕೊಳ್ಳುವ, ಬಿಡಿಸಲು ಮನುಷ್ಯ ನಡುವೆ ಹೋಗಬೇಕಿಲ್ಲದ ಕಪ್ಲರ್ ಕಡ್ಡಾಯವಾಯಿತು. ಕಂಪನಿಗಳು ಗಡುವು ಮುಂದೂಡಿಸಿಕೊಂಡದ್ದರಿಂದ ಅದು ಪೂರ್ತಿ ಜಾರಿಯಾದದ್ದು 1900ರ ಆಗಸ್ಟ್‌ನಲ್ಲಿ.

ಅದೇ ತಿಂಗಳು ಯೂಟಾದಲ್ಲಿ ಜಾನ್ಸನ್ ಎಂಬ ಬ್ರೇಕ್‌ಮನ್ ಎಂಜಿನ್ನಿಗೆ ಊಟದ ಬೋಗಿಯನ್ನು ಜೋಡಿಸುವಾಗ ಕೈ ಕಳೆದುಕೊಂಡ. ಎರಡೂ ಕಡೆ ಸ್ವಯಂಚಾಲಿತ ಕಪ್ಲರ್ ಇತ್ತು, ಆದರೆ ಬೇರೆ ಬೇರೆ ಜಾತಿಯವು. ಒಂದು ಇನ್ನೊಂದಕ್ಕೆ ತಾನಾಗಿ ಕೂಡದು. ಅವನು ಹೂಡಿದ ದಾವೆಯಲ್ಲಿ ರೈಲು ಕಂಪನಿ ಕೆಳಗಿನ ನ್ಯಾಯಾಲಯಗಳಲ್ಲಿ ಗೆದ್ದಿತು. 1904ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಕಾಯ್ದೆ ಇರುವುದು ಮನುಷ್ಯನನ್ನು ನಡುವೆ ನಿಲ್ಲಿಸದಿರುವುದಕ್ಕೆ, ಆದ್ದರಿಂದ ಕಪ್ಲರ್‌ಗಳು ಪರಸ್ಪರ ತಾವಾಗಿ ಕೂಡಬೇಕು ಎಂಬುದು ಅದರ ನಿಲುವು.

ಬೆನ್ನಿಗೆ ಕೂತ ಡ್ರಾಫ್ಟ್ ಗೇರ್

ಹಿಡಿತದ ಸಮಸ್ಯೆ ಹೀಗೆ ಬಗೆಹರಿಯಿತು. ಹೊಡೆತದ್ದು ಉಳಿಯಿತು. ಗಾಡಿಗಳು ದೊಡ್ಡವಾದಷ್ಟೂ, ರೈಲು ಉದ್ದವಾದಷ್ಟೂ ಅದು ಹೆಚ್ಚಿತು.

ಕಪ್ಲರಿನ ಬಾಲ ಗಾಡಿಯ ತಳದ ಉಕ್ಕಿನ ಗೂಡಿನೊಳಗೆ ಹೋಗುತ್ತದೆ. ಅಲ್ಲಿ ಒಂದು ಬಿಗಿಯಾದ ಪಟ್ಟಿ ಡ್ರಾಫ್ಟ್ ಗೇರನ್ನು ಸುತ್ತುವರಿದಿರುತ್ತದೆ. ಎಳೆದರೂ ತಳ್ಳಿದರೂ ಒತ್ತಡ ಬೀಳುವುದು ಈ ಗೇರಿನ ಮೇಲೆ, ಎರಡೂ ಸಲ ಅದು ಕುಗ್ಗುತ್ತದೆ. ಮೊದಮೊದಲು ಅಲ್ಲಿ ಬರೀ ಸ್ಪ್ರಿಂಗ್ ಇರುತ್ತಿತ್ತು. ಸ್ಪ್ರಿಂಗ್ ಹೊಡೆತವನ್ನು ನುಂಗುತ್ತದೆ, ಆದರೆ ನುಂಗಿದ್ದನ್ನು ಮರುಕ್ಷಣ ವಾಪಸು ಕೊಡುತ್ತದೆ. ಏರ್ ಬ್ರೇಕಿನಿಂದ ಹೆಸರಾದ ಜಾರ್ಜ್ ವೆಸ್ಟಿಂಗ್‌ಹೌಸ್ 1880ರ ದಶಕದ ಕೊನೆಗೆ ಘರ್ಷಣೆಯ ಡ್ರಾಫ್ಟ್ ಗೇರ್ ತಂದ. ಸ್ಪ್ರಿಂಗಿನ ಜೊತೆ ಉಕ್ಕಿನ ಬೆಣೆಗಳು ಒಂದಕ್ಕೊಂದು ಉಜ್ಜುತ್ತ ಜಾರುತ್ತವೆ, ಹೊಡೆತದ ಬಹುಪಾಲು ಶಾಖವಾಗಿ ಕರಗುತ್ತದೆ. ಮುಂದೆ ರಬ್ಬರ್ ಪದರಗಳು ಬಂದವು. ಗಾಜು, ಯಂತ್ರ, ಕಾರುಗಳಂಥ ನಾಜೂಕು ಸರಕಿಗಾಗಿ ಎಣ್ಣೆ ತುಂಬಿದ ಸಿಲಿಂಡರಿನ ಹೈಡ್ರಾಲಿಕ್ ಸಾಧನಗಳೂ ಬಂದವು.

ಮಾಮೂಲಿ ಡ್ರಾಫ್ಟ್ ಗೇರ್ ಕುಗ್ಗುವುದು ಸುಮಾರು ಮೂರೂಕಾಲು ಇಂಚು. ನೂರು ವ್ಯಾಗನ್ನಿನ ಗೂಡ್ಸ್ ರೈಲಿನಲ್ಲಿ ತಲೆಗೊಂದು ಬಾಲಕ್ಕೊಂದರಂತೆ ಇನ್ನೂರು ಗೇರುಗಳು. ಎಲ್ಲವೂ ಪೂರ್ತಿ ಕುಗ್ಗಿದರೆ ರೈಲಿನ ಉದ್ದದಲ್ಲಿ 54 ಅಡಿ ವ್ಯತ್ಯಾಸ! ಈ ಸಡಿಲಕ್ಕೆ ರೈಲ್ವೆಯವರು ಸ್ಲ್ಯಾಕ್ ಎನ್ನುತ್ತಾರೆ. ಅದು ವರವೂ ಹೌದು, ಶಾಪವೂ ಹೌದು. ಹೊರಡುವಾಗ ಎಂಜಿನ್ ಇಡೀ ರೈಲನ್ನು ಒಟ್ಟಿಗೆ ಜಗ್ಗಬೇಕಿಲ್ಲ, ಒಂದೊಂದೇ ಗಾಡಿಯನ್ನು ಎಬ್ಬಿಸುತ್ತ ಹೋಗುತ್ತದೆ. ಆದರೆ ಏರಿಳಿತದ ದಾರಿಯಲ್ಲಿ ಚಾಲಕ ಕೈತಪ್ಪಿದರೆ ಹಿಂದಿನ ಗಾಡಿಗಳು ಮುಂದಿನವುಗಳ ಮೇಲೆ ಸಾಲಾಗಿ ಬಂದು ಗುದ್ದುತ್ತವೆ, ಇಲ್ಲವೇ ಜಗ್ಗಿ ಕೊಂಡಿಯನ್ನೇ ಕಡಿಯುತ್ತವೆ. ಆಗ ಮೊದಲು ಮುರಿಯಬೇಕಾದದ್ದು ನಕಲ್. ಅದನ್ನು ಬೇಕೆಂದೇ ಹಾಗೆ ಮಾಡಿರುತ್ತಾರೆ. ಗಾಡಿಯ ಚೌಕಟ್ಟು ಹರಿದರೆ ರಿಪೇರಿಗೆ ಕಾರ್ಖಾನೆಗೇ ಹೋಗಬೇಕು, ನಕಲ್ ಮುರಿದರೆ ಎಂಜಿನ್ನಿನಲ್ಲಿಟ್ಟ ಹೊಸದೊಂದನ್ನು ಅಲ್ಲೇ ಹಾಕಬಹುದು. ಒಂದೊಂದೂ 35 ಕಿಲೋಗಿಂತ ಭಾರ.

ಡ್ರಾಫ್ಟ್ ಗೇರಿನ ಶಕ್ತಿಗೂ ಮಿತಿಯಿದೆ. ಯಾರ್ಡಿನಲ್ಲಿ ಗಾಡಿ ಜೋಡಿಸುವಾಗ ಗಂಟೆಗೆ ನಾಲ್ಕು ಮೈಲಿ ಮೀರಬಾರದೆಂಬುದು ಅಮೆರಿಕದ ರೂಢಿ. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಓಡುವ ರೈಲು ನಿಂತ ರೈಲಿಗೆ ಗುದ್ದಿದರೆ ಯಾವ ಡ್ರಾಫ್ಟ್ ಗೇರೂ ಕಾಯಲಾರದು. ಸದರ್ನ್ ರೈಲ್ವೆಯ ಮೊದಲ ಅಧ್ಯಕ್ಷ ಸ್ಯಾಮ್ಯುಯೆಲ್ ಸ್ಪೆನ್ಸರ್ 1906ರ ನವೆಂಬರ್ 29ರಂದು ವರ್ಜೀನಿಯಾದಲ್ಲಿ ಸತ್ತದ್ದು ಹೀಗೆಯೇ, ತನ್ನದೇ ಕಂಪನಿಯ ಹಳಿಯ ಮೇಲೆ.

ಸ್ಪೆನ್ಸರ್ ಎಂಬ ಊರು

ಆ ಅಧ್ಯಕ್ಷನ ಹೆಸರು ಹೊತ್ತ ಊರು ಉತ್ತರ ಕೆರೊಲೈನಾದಲ್ಲಿದೆ. ವಾಷಿಂಗ್ಟನ್ ಮತ್ತು ಅಟ್ಲಾಂಟಾ ನಡುವಿನ ಹಳಿಯ ಹೆಚ್ಚುಕಡಿಮೆ ನಟ್ಟನಡುವೆ, ಸಾಲ್ಸ್‌ಬರಿಯ ಪಕ್ಕದಲ್ಲಿ, ಸದರ್ನ್ ರೈಲ್ವೆ 1896ರಲ್ಲಿ ತನ್ನ ದೊಡ್ಡ ರಿಪೇರಿ ಕಾರ್ಖಾನೆ ಕಟ್ಟಿತು. ಉಚ್ಛ್ರಾಯ ಕಾಲದಲ್ಲಿ ಇಲ್ಲಿ ಸುಮಾರು 3,000 ಜನ ದುಡಿಯುತ್ತಿದ್ದರು. ಡೀಸೆಲ್ ಬಂದು ಉಗಿ ಎಂಜಿನ್ ಹೋದ ಮೇಲೆ ಕೆಲಸ ಕರಗಿತು. ಕಂಪನಿ 1970ರ ದಶಕದ ಕೊನೆಗೆ ಜಾಗವನ್ನು ರಾಜ್ಯಕ್ಕೆ ಕೊಟ್ಟಿತು. ಈಗ ಅದು ಉತ್ತರ ಕೆರೊಲೈನಾ ಸಾರಿಗೆ ಮ್ಯೂಸಿಯಂ. 1924ರಲ್ಲಿ ಕಟ್ಟಿದ, 37 ಎಂಜಿನ್ ನಿಲ್ಲುವ ಅರ್ಧಚಂದ್ರಾಕಾರದ ಶೆಡ್ ಮತ್ತು ಎಂಜಿನ್ ತಿರುಗಿಸುವ ಟರ್ನ್‌ಟೇಬಲ್ ಅಲ್ಲಿನ ಮುಖ್ಯ ಆಕರ್ಷಣೆ.

ಮಕ್ಕಳು ಎಂಜಿನ್ನಿನ ಗಾತ್ರಕ್ಕೆ ಬೆರಗಾಗುವಾಗ ದೊಡ್ಡವರು ಎರಡು ಗಾಡಿಗಳ ನಡುವೆ ಇಣುಕಿ ನೋಡಬೇಕು. ಸರಕಿನ ಗಾಡಿಯ ಕಪ್ಲರಿಗೂ ಪ್ರಯಾಣಿಕರ ಬೋಗಿಯ ಬಿಗಿ ಕಪ್ಲರಿಗೂ ಇರುವ ವ್ಯತ್ಯಾಸ ಬೇಗ ತಿಳಿಯುತ್ತದೆ. ಮೊದಲನೆಯದರಲ್ಲಿ ಕೊಂಚ ಸಡಿಲ. ಎರಡನೆಯದು ಮೇಲೆ ಕೆಳಗೆ ಜಾರದಂತೆ ಒಂದನ್ನೊಂದು ಕಚ್ಚಿಕೊಳ್ಳುತ್ತದೆ, ಅಪಘಾತದಲ್ಲಿ ಬೋಗಿಯ ಮೇಲೆ ಬೋಗಿ ಹತ್ತದಂತೆ ತಡೆಯುತ್ತದೆ.

ನಮ್ಮ ಹಳಿಗಳ ಮೇಲೆ

ಭಾರತ ಹಿಡಿದದ್ದು ಇಂಗ್ಲೆಂಡಿನ ದಾರಿ. ಬ್ರಾಡ್‌ಗೇಜ್ ಬೋಗಿಯ ಎರಡು ಬದಿಗೆ ದುಂಡನೆಯ ಬಫರ್, ನಡುವೆ ಕೊಕ್ಕೆ ಮತ್ತು ತಿರುಪಿನ ಕಪ್ಲಿಂಗ್. ಇಲ್ಲಿ ಎಳೆತಕ್ಕೊಂದು, ಒತ್ತಡಕ್ಕೊಂದು, ಬೇರೆ ಬೇರೆ ಸಾಧನ. ತಿರುಪು ಬಿಗಿದು ಬಫರ್‌ಗಳನ್ನು ಒತ್ತಿಟ್ಟರೆ ಪ್ರಯಾಣ ನಯವಾಗಿರುತ್ತದೆ. ಆದರೆ ತಿರುಪು ಹಾಕಲು ಮನುಷ್ಯ ಬಫರ್‌ಗಳ ನಡುವೆ ನುಸುಳಲೇಬೇಕು. ಸರಕಿನ ವ್ಯಾಗನ್‌ಗಳು ದಶಕಗಳ ಹಿಂದೆಯೇ ಜ್ಯಾನಿಯ ವಂಶದ ಸೆಂಟರ್ ಬಫರ್ ಕಪ್ಲರಿಗೆ, ಅಂದರೆ ಸಿಬಿಸಿಗೆ, ಬಂದವು. ಭಾರ ಹೊತ್ತ ವ್ಯಾಗನ್ ಸಾಲು ಕ್ಯಾಸಲ್‌ರಾಕ್–ಕುಳೆ ಘಾಟಿಯ 37ಕ್ಕೆ 1ರ ಏರನ್ನು ಹತ್ತುವಾಗ ಮುಂದಿನ ಎಂಜಿನ್ ಎಳೆಯುತ್ತದೆ, ಹಿಂದಿನದು ತಳ್ಳುತ್ತದೆ. ನಡುವಿನ ಕೊಂಡಿಗಳು ಎರಡನ್ನೂ ತಾಳಿಕೊಳ್ಳಬೇಕು.

ಪ್ರಯಾಣಿಕರ ಬೋಗಿಗಳಿಗೆ ಸಿಬಿಸಿ ವ್ಯಾಪಕವಾಗಿ ಬಂದದ್ದು ಈ ಶತಮಾನದಲ್ಲಿ, ಜರ್ಮನ್ ಮೂಲದ ಎಲ್‌ಎಚ್‌ಬಿ ಬೋಗಿಗಳೊಂದಿಗೆ. ಹೊರಡುವಾಗ, ನಿಲ್ಲುವಾಗ ಜರ್ಕ್ ಹೊಡೆಯುತ್ತದೆಂದು ಪ್ರಯಾಣಿಕರು ದೂರಿದರು. ಬೋಗಿ ಹಳೆಯದಕ್ಕಿಂತ ಸುರಕ್ಷಿತವೇ, ಡ್ರಾಫ್ಟ್ ಗೇರಿನ ಹೊಂದಾಣಿಕೆ ಸಾಲದಿತ್ತು. ರೈಲ್ವೆ ಬ್ಯಾಲೆನ್ಸ್ಡ್ ಡ್ರಾಫ್ಟ್ ಗೇರ್ ಅಳವಡಿಸುತ್ತ ಬಂತು. ಚೆನ್ನೈನ ಪೆರಂಬೂರು ಕಾರ್ಖಾನೆ 2018ರ ಜನವರಿಯಲ್ಲಿ ಹಳೆಯ ಮಾದರಿಯ ಬೋಗಿ ಕಟ್ಟುವುದನ್ನು ನಿಲ್ಲಿಸಿತು. ಆದರೂ ಅದುವರೆಗೆ ಕಟ್ಟಿದ ಸಾವಿರಾರು ಬೋಗಿಗಳು ಓಡುತ್ತಲೇ ಉಳಿದವು. ಬೋಗಿಗಳ ನಡುವೆ ಇಳಿಯುವ ಕೆಲಸವೂ ಉಳಿಯಿತು. 2024ರ ನವೆಂಬರ್‌ನಲ್ಲಿ ಬಿಹಾರದ ಬರೌನಿ ಜಂಕ್ಷನ್‌ನಲ್ಲಿ ಕಪ್ಲಿಂಗ್ ಬಿಡಿಸಲು ಇಳಿದಿದ್ದ ನೌಕರನೊಬ್ಬ ಎಂಜಿನ್ನಿಗೂ ಬೋಗಿಗೂ ನಡುವೆ ಸಿಕ್ಕಿ ಸತ್ತ.

ಯುರೋಪಿನ ಗೂಡ್ಸ್ ಗಾಡಿಗಳೂ ಬಹುಪಾಲು ತಿರುಪಿನ ಕಪ್ಲಿಂಗ್‌ನಲ್ಲೇ ಇವೆ, ಡಿಜಿಟಲ್ ಸ್ವಯಂಚಾಲಿತ ಕಪ್ಲರಿನ ಪ್ರಯೋಗ ಅಲ್ಲಿ ನಡೆದಿದೆ. ಅಲ್ಲಿಯೂ ತೊಡಕು ಯಂತ್ರದ್ದಲ್ಲ. ಇಷ್ಟೊಂದು ದೇಶ, ಇಷ್ಟೊಂದು ಕಂಪನಿ ಒಟ್ಟಿಗೆ ಬದಲಾಗಬೇಕು, ಆ ಖರ್ಚನ್ನು ಯಾರು ಹೊರುವುದು ಎಂಬುದು ಪ್ರಶ್ನೆ. 1873ರಿಂದ 1893ರವರೆಗೆ ಅಮೆರಿಕದಲ್ಲೂ ಅದೇ ಪ್ರಶ್ನೆಯಿತ್ತು.

ಜ್ಯಾನಿ ಮರದಲ್ಲಿ ಕೆತ್ತಿದ ಮಾದರಿ ಕೈಗಳನ್ನು ಉಳಿಸಲು ಮೂರು ಸಂಗತಿ ಬೇಕಾದವು: ಹಕ್ಕು ಬಿಟ್ಟುಕೊಟ್ಟ ಹಕ್ಕುದಾರರು, ಹಟ ಬಿಡದ ಒಬ್ಬ ರೈತ, ಎಲ್ಲರಿಗೂ ಒಂದೇ ನಿಯಮ ಎಂದ ಒಂದು ಕಾಯ್ದೆ. ಯಂತ್ರ ಸಿದ್ಧವಿದ್ದೂ ಮನುಷ್ಯನನ್ನು ಎರಡು ಬೋಗಿಗಳ ನಡುವೆ ಇಳಿಸುವುದಕ್ಕೆ ಇಂದು ಯಾವ ರೈಲ್ವೆಯ ಬಳಿಯೂ ಒಪ್ಪತಕ್ಕ ಕಾರಣವಿಲ್ಲ.