ಬಲ್ಮಠದ ಗುಡ್ಡ: ಒಂದು ಅಕ್ಷರಯಾತ್ರೆ

ಅರ್ಚನೆಯ ಆಲಯವೂ ಅಕ್ಷರದ ಆಲಯವೂ ಒಂದೇ ಅಂಗಳದಲ್ಲಿ ನೆಲೆಗೊಳ್ಳುವುದು ಕನ್ನಡ ನಾಡಿಗೆ ಹೊಸದಲ್ಲ. ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವನ್ನು 1162ರ ಶಾಸನವು ವರ್ಣಿಸಿದೆ. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು. ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದವು. ಇಂಗ್ಲೆಂಡಿನಲ್ಲಿಯೂ ಕ್ಯಾಂಟರ್‌ಬರಿಯಂತಹ ಕೆಥೆಡ್ರಲುಗಳ ಮಗ್ಗುಲಲ್ಲಿಯೇ ಪಾಠಶಾಲೆಗಳು ಬೆಳೆದವು. ಕೆಥೆಡ್ರಲ್ ಎಂಬ ಮಾತಿನ ಮೂಲದಲ್ಲಿರುವ ಪದಕ್ಕೆ ಪೀಠವೆಂದೇ ಅರ್ಥ. ಬಿಷಪ್ಪರ ಪೀಠವಿರುವ ದೇವಾಲಯವೇ ಕೆಥೆಡ್ರಲ್. ಮಠವೂ ಪೀಠವೂ ವಿದ್ಯೆಯೂ ಕೂಡಿರುವ ಪರಂಪರೆಯನ್ನು ಬಲ್ಲವರಿಗೆ ಮಂಗಳೂರಿನ ಬಲ್ಮಠದ ಗುಡ್ಡವು ಅಪರಿಚಿತವೆನಿಸಲಾರದು.

ಸವಣೂರೆಂದೊಡನೆ ಬಹುಮಂದಿಗೆ ಹಾವೇರಿ ಜಿಲ್ಲೆಯ ನವಾಬರ ಪಟ್ಟಣವು ನೆನಪಾಗುತ್ತದೆ. ದಕ್ಷಿಣ ಕನ್ನಡದಲ್ಲಿಯೂ ಒಂದು ಸವಣೂರಿದೆ. ಹಿಂದೆ ಪುತ್ತೂರು ತಾಲೂಕಿಗೆ ಸೇರಿದ್ದ ಈ ಊರು ಈಗ ಕಡಬ ತಾಲೂಕಿನಲ್ಲಿದೆ. ಅಡಕೆ ತೋಟಗಳ ನಡುವಣ ಈ ಊರಿನ ವಿದ್ಯಾರ್ಥಿಗಳು ಬೆಳಗ್ಗೆ ಹೊರಟು ಪುತ್ತೂರು, ಮಾಣಿ, ಬಂಟ್ವಾಳಗಳನ್ನು ಹಾದು ಬಲ್ಮಠವನ್ನು ಕಂಡು ಸಂಜೆಗೆ ಮನೆ ಸೇರಬಹುದು. ದೂರದ ಊರುಗಳ ವಿದ್ಯಾರ್ಥಿಗಳಿಗೂ ಕರಾವಳಿಯ ಪ್ರವಾಸದಲ್ಲಿ ಅರ್ಧ ದಿನವನ್ನು ಇದಕ್ಕೆ ಮೀಸಲಿಡುವುದು ಸಾರ್ಥಕ.

ಬಾಸೆಲ್ ಮಿಷನ್ನಿನ ಮೂವರು ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗರು ವಿದ್ಯಾದಾನದ ಹೊಣೆ ಹೊತ್ತರು. 1847ರಲ್ಲಿ ದೇವಶಾಸ್ತ್ರದ ಸೆಮಿನರಿ ಆರಂಭವಾಯಿತು. ಅದರ ಪರಂಪರೆಯು 1965ರಿಂದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ರೂಪದಲ್ಲಿ ಬಲ್ಮಠದಲ್ಲಿ ಮುಂದುವರಿದಿದೆ. ಸಮೀಪದಲ್ಲಿಯೇ ಶಾಂತಿ ಕೆಥೆಡ್ರಲ್ ನಿಂತಿದೆ. ಆ ಕಾಲದ ಶಾಲಾಕಟ್ಟಡಗಳನ್ನು ನೋಡುವಾಗ ಮುರಕಲ್ಲಿನ ಗೋಡೆ, ಅಗಲವಾದ ಜಗಲಿ, ಇಳಿಜಾರಾದ ಹೆಂಚಿನ ಮಾಡು ಇವುಗಳನ್ನು ಗಮನಿಸಬೇಕು. ಕರಾವಳಿಯ ಮಳೆಗೆ ತಕ್ಕ ಶಿಲ್ಪವದು. ಮಿಷನ್ನಿನ ಹೆಂಚಿನ ಕಾರ್ಖಾನೆಯನ್ನು ಜಾರ್ಜ್ ಪ್ಲೆಬ್ಸ್ಟರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಸ್ಥಾಪಿಸಿದರು.

ಕಟ್ಟಡಕ್ಕಿಂತಲೂ ಮುಖ್ಯವಾದುದು ಇಲ್ಲಿ ನಡೆದ ಅಕ್ಷರಕಾರ್ಯ. 1841ರಲ್ಲಿ ಇಲ್ಲಿ ಕಲ್ಲಚ್ಚಿನ ಮುದ್ರಣ ತೊಡಗಿತು. ಜಿಡ್ಡಿನ ಮಸಿಯಿಂದ ಬರೆದುದನ್ನು ನಯವಾದ ಕಲ್ಲಿನ ಮೇಲೆ ಮೂಡಿಸಿ, ಕಲ್ಲನ್ನು ಒದ್ದೆ ಮಾಡಿ ಶಾಯಿ ಸವರಿದರೆ ಅದು ಅಕ್ಷರಕ್ಕೆ ಮಾತ್ರ ಅಂಟುತ್ತದೆ. ಕಾಗದವನ್ನೊತ್ತಿದರೆ ಲಿಪಿಕಾರನ ಕೈಬರಹವೇ ಪ್ರತಿಪ್ರತಿಯಲ್ಲಿಯೂ ಮೂಡುತ್ತದೆ. 1843ರ ಜುಲೈ 1ರಂದು ಮೊದಲ ಕನ್ನಡ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ಹೊರಟದ್ದು ಈ ವಿಧಾನದಿಂದಲೇ. ಬಳಿಕ ಮೋಗ್ಲಿಂಗರು ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯನ್ನು 1848ರಿಂದ ಹೊರತಂದರು. ನಿವೃತ್ತ ನ್ಯಾಯಾಧೀಶ ಕಾಸಾಮೇಜರರು ಇದಕ್ಕೆ ಧನಸಹಾಯ ನೀಡಿದರು. ಲಕ್ಷ್ಮೀಶನ ಜೈಮಿನಿ ಭಾರತ, ದಾಸರ ಪದಗಳೊಡನೆ ಭೀಮಕವಿಯ ಬಸವಪುರಾಣವೂ ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣವೂ ಆ ಮಾಲೆಯಲ್ಲಿ ಅಚ್ಚಾದವು. 1369ರಷ್ಟು ಹಿಂದೆ ರಚಿತವಾಗಿ ಮಠಮನೆಗಳ ತಾಳೆಗರಿಯ ಕಟ್ಟುಗಳಲ್ಲಿದ್ದ ಬಸವಪುರಾಣವು ಅಚ್ಚಿನ ಬೆಳಕು ಕಂಡದ್ದು ಹೀಗೆ. ಮುಂದೆ ಕಿಟ್ಟೆಲರು ಶಬ್ದಮಣಿದರ್ಪಣವನ್ನು 1872ರಲ್ಲಿಯೂ ಮಹಾನಿಘಂಟನ್ನು 1894ರಲ್ಲಿಯೂ ಮಂಗಳೂರಿನಿಂದಲೇ ಪ್ರಕಟಿಸಿದರು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಚರಿತ್ರೆ ಅರ್ಧವಾಗುತ್ತದೆ. ಮಿಷನ್ನಿನ ಉದ್ದೇಶ ಮತಪ್ರಸಾರವಾಗಿತ್ತು. ಮೋಗ್ಲಿಂಗರ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾಯ ಕೌಂಡಿನ್ಯರೂ ಇನ್ನಿಬ್ಬರು ತರುಣರೂ 1844ರಲ್ಲಿ ಕ್ರೈಸ್ತ ದೀಕ್ಷೆ ಪಡೆದಾಗ ಊರಿನಲ್ಲಿ ಕೋಲಾಹಲವೆದ್ದಿತು. ಮಕ್ಕಳನ್ನು ಶಾಲೆಗೆ ಕಳುಹಿಸಲು ತಂದೆತಾಯಿಯರು ಹಿಂಜರಿದರು. ಕೌಂಡಿನ್ಯರ ಪಾಲಿಗೆ ಅದು ಸ್ವಂತ ನಿಶ್ಚಯ. ಬಂಧುಗಳ ಪಾಲಿಗೆ ಮನೆಯ ಮಗನ ಅಗಲಿಕೆ. ಆ ನೋವನ್ನು ಮರೆಮಾಚುವುದೂ ಸಲ್ಲದು, ಅದರ ನೆಪದಿಂದ ಅಕ್ಷರಋಣವನ್ನು ಅಲ್ಲಗಳೆಯುವುದೂ ಸಲ್ಲದು. ಪರಮತದವರ ಪುರಾಣವನ್ನು ಓದಿ, ಪಾಠವನ್ನು ತಿದ್ದಿ ಅಚ್ಚು ಹಾಕಿದ ಶ್ರಮವು ಶ್ರಮವೇ. ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ ಮಠಗಳ, ಲಿಪಿಕಾರರ ಶ್ರಮವಿಲ್ಲದಿದ್ದರೆ ಅಚ್ಚು ಹಾಕಲು ಪ್ರತಿಯೇ ಇರುತ್ತಿರಲಿಲ್ಲ.

ಕಾಲೇಜಿನ ಪತ್ರಾಗಾರದಲ್ಲಿ ಮಿಷನ್ನಿನ ಹಳೆಯ ಪ್ರಕಟಣೆಗಳೂ ತಾಳೆಗರಿಗಳೂ ರಕ್ಷಿತವಾಗಿವೆ. ನೋಡಬಯಸುವ ಅಧ್ಯಾಪಕರು ಮುಂಚಿತವಾಗಿ ಬರೆದು ಅನುಮತಿ ಪಡೆಯುವುದು ಉಚಿತ. ಪ್ರಾರ್ಥನಾಮಂದಿರದಲ್ಲಿ ಮೌನ, ಹಳೆಯ ಪುಟವನ್ನು ಮುಟ್ಟದೆ ನೋಡುವ ಸಂಯಮ ಇವೆರಡನ್ನು ಮಕ್ಕಳಿಗೆ ಮೊದಲೇ ತಿಳಿಸಿರಬೇಕು.

ಹಿಂದಿರುಗಿದ ಮೇಲೆ ಮಾಡಬೇಕಾದುದೂ ಒಂದುಂಟು. ಪ್ರತಿಯೊಂದು ಹಳೆಯ ಶಾಲೆಯ ಅಟ್ಟದಲ್ಲಿಯೂ ದಾಖಲಾತಿಯ ಪುಸ್ತಕಗಳು, ಹಸ್ತಪ್ರತಿಗಳು, ಮಾಸಿದ ಛಾಯಾಚಿತ್ರಗಳು ಗೆದ್ದಲಿಗೆ ಆಹಾರವಾಗುತ್ತಿರಬಹುದು. ಅವನ್ನು ಕೆಳಗಿಳಿಸಿ, ಧೂಳು ಕೊಡವಿ, ಪಟ್ಟಿ ಮಾಡಿಡುವ ಕೆಲಸಕ್ಕೆ ವಿದ್ಯಾರ್ಥಿಗಳು ತೊಡಗಿದರೆ ಬಲ್ಮಠದ ದರ್ಶನವು ಫಲ ಕೊಟ್ಟಂತೆ.