ಕೋಲಿಗಿಂತ ಮೊದಲು ಕಾಲು

ನಾಚಾರಂ: ರಾಜ್ಯೋತ್ಸವದ ವೇದಿಕೆಯಲ್ಲಿ ಮಕ್ಕಳ ಕರಾಟೆ ಪ್ರದರ್ಶನ ಹೈದರಾಬಾದ್ ಕನ್ನಡಿಗರಿಗೆ ಹೊಸತಲ್ಲ. ಅದೇ ಜಪಾನಿನ ಕೆಂಡೊ ಮಾತ್ರ ಅಷ್ಟಾಗಿ ಪರಿಚಯವಿಲ್ಲ. ಎಚ್‌ಎಂಟಿ ನಗರದಂಥ ಬಡಾವಣೆಗಳ ಮಹಡಿಯ ಮೇಲೆ ಮಕ್ಕಳು ಮೊಬೈಲ್‌ನಲ್ಲಿ ಕಂಡ ಕತ್ತಿವರಸೆಯನ್ನು ಸಿಕ್ಕ ಕೋಲು ಹಿಡಿದು ಆಡಲು ಹೊರಟರೆ, ಆ ವಿದ್ಯೆಯ ಮೊದಲ ಪಾಠ ಏನೆಂದು ಪಾಲಕರಿಗೆ ಗೊತ್ತಿರುವುದು ಒಳ್ಳೆಯದು. ಇದು ಕಣ್ಣಿನ ಪ್ರಶ್ನೆ.

ಕೆಂಡೊ ಎಂದರೆ ಖಡ್ಗದ ಮಾರ್ಗ. ಆದರೆ ಪಾಠ ಆರಂಭವಾಗುವುದು ಕಾಲಿನಿಂದ. ಬರಿಗಾಲಲ್ಲಿ ಬಲಗಾಲು ಮುಂದೆ, ಎಡಗಾಲು ಹಿಂದೆ. ಎಡ ಹಿಮ್ಮಡಿ ನೆಲದಿಂದ ತುಸು ಮೇಲೆ. ಹೆಜ್ಜೆ ಎತ್ತಿ ಇಡದೆ ನೆಲ ಒರೆಸಿದಂತೆ ಜಾರಿಸಬೇಕು. ಹಿಂದಿನ ಕಾಲು ಮುಂದಿನದನ್ನು ದಾಟಬಾರದು. ಕೇಳಲು ಸುಲಭ, ಹತ್ತು ಹೆಜ್ಜೆ ಇಟ್ಟು ನೋಡಿದರೆ ಮೀನಖಂಡವೇ ಉತ್ತರ ಹೇಳುತ್ತದೆ.

ಆಮೇಲೆ ಕೈ. ಹಿಡಿಯ ತುದಿ ಎಡಗೈಗೆ, ಬಲ ಅದರದು. ಬಲಗೈ ದಾರಿ ತೋರಿಸಲಷ್ಟೆ. ಹೊಡೆತ ತಗುಲುವ ಗಳಿಗೆಯಲ್ಲಿ ಒದ್ದೆ ಬಟ್ಟೆ ಹಿಂಡಿದಂತೆ ಎರಡೂ ಕೈ ಬಿಗಿದು, ಕೂಡಲೇ ಸಡಿಲಬೇಕು. ಕೋಲನ್ನು ತಲೆಯ ಮೇಲೆತ್ತಿ ನೇರ ಇಳಿಸುವ ಅಭ್ಯಾಸಕ್ಕೆ ‘ಸುಬುರಿ’ ಎನ್ನುತ್ತಾರೆ. ಇದು ಬ್ಯಾಂಕಿನ ಆರ್.ಡಿ. ಇದ್ದಂತೆ, ಒಂದೇ ದಿನ ಪೂರ್ತಿ ಕಟ್ಟಿ ಮುಗಿಸಲಾಗದು.

ಆ ಕೋಲಿನ ಹೆಸರು ‘ಶಿನಾಯ್’. ನಾಲ್ಕು ಬಿದಿರು ಪಟ್ಟಿಗಳನ್ನು ಚರ್ಮದಿಂದ ಬಿಗಿದಿರುವುದರಿಂದ ಏಟಿನ ರಭಸ ತಗ್ಗುತ್ತದೆ. ಆದರೂ ಎದುರಾಳಿಯ ಮೇಲೆ ಬೀಸುವುದು ಇಬ್ಬರೂ ಕವಚ ತೊಟ್ಟ ಮೇಲೆಯೇ. ನೆತ್ತಿ, ಮಣಿಕಟ್ಟು, ಪಕ್ಕೆ, ಗಂಟಲು ಇವೇ ಗುರಿಗಳು. ಗಂಟಲಿಗೆ ತಿವಿಯುವುದು ಎಳೆಯ ಮಕ್ಕಳಿಗೆ ಇಲ್ಲ. ಹೊಡೆಯುವಾಗ ಗುರಿಯ ಹೆಸರನ್ನು ಗಟ್ಟಿಯಾಗಿ ಕೂಗಬೇಕು. ಪ್ರತಿ ಅಭ್ಯಾಸಕ್ಕೂ ಮುನ್ನ ಬಿದಿರು ಸೀಳಿದೆಯೇ ಎಂದು ಸವರಿ ನೋಡುವುದು ಕಡ್ಡಾಯ. ಸಿಬಿರು ಮುಖವಾಡದ ಸರಳುಗಳ ನಡುವೆ ನುಗ್ಗಿದರೆ ಕಣ್ಣು ಹೋದೀತು. ಕವಚ ತೊಟ್ಟವರಿಗೇ ಇಷ್ಟು ಎಚ್ಚರ ಬೇಕೆಂದರೆ ಮಹಡಿಯ ಮೇಲಿನ ಬರಿಮುಖದ ಆಟದ ಬಗ್ಗೆ ಹೇಳುವುದೇನು?

ಏಟು ಬಿದ್ದ ಮಾತ್ರಕ್ಕೆ ಅಂಕವೂ ಸಿಗುವುದಿಲ್ಲ. ಕೂಗು, ಕೋಲು, ದೇಹ ಒಂದಾಗಿರಬೇಕು. ಹೊಡೆದ ನಂತರವೂ ಮೈಯೆಲ್ಲ ಎಚ್ಚರವಾಗಿರಬೇಕು; ಇದು ‘ಝಾನ್‌ಶಿನ್’. ಗೆದ್ದೆನೆಂದು ಮುಷ್ಟಿ ಎತ್ತಿ ಕುಣಿದರೆ ತೀರ್ಪುಗಾರರು ಕೊಟ್ಟ ಅಂಕವನ್ನೇ ಹಿಂಪಡೆಯಬಹುದು. ಕ್ರಿಕೆಟ್ ನೋಡಿ ಬೆಳೆದ ಮಕ್ಕಳಿಗೆ ಇದು ವಿಚಿತ್ರವೆನಿಸೀತು.

ಎರಡನೆಯ ಮಹಾಯುದ್ಧದ ನಂತರ ಜಪಾನಿನಲ್ಲಿ ನಿರ್ಬಂಧಕ್ಕೊಳಗಾದ ಕೆಂಡೊ 1952ರಲ್ಲಿ ಅಖಿಲ ಜಪಾನ್ ಒಕ್ಕೂಟದೊಂದಿಗೆ ಚೇತರಿಸಿಕೊಂಡಿತು. ಮೊದಲ ವಿಶ್ವ ಸ್ಪರ್ಧೆ 1970ರಲ್ಲಿ ನಡೆಯಿತು.

ಕನ್ನಡ ನಾಡಿಗೂ ಕೋಲಿನ ಶಿಸ್ತು ಹೊಸದೇನಲ್ಲ. ಕೊಡಗಿನಲ್ಲಿ ಹುತ್ತರಿಯ ವೇಳೆ ಮಂದ್‌ನಲ್ಲಿ ನಡೆಯುವ ‘ಪರಿಯ ಕಳಿ’ಯಲ್ಲಿ ಗುರಾಣಿ, ಬೆತ್ತ ಹಿಡಿದವರು ಎದುರಾಳಿಯ ಮೊಣಕಾಲಿನ ಕೆಳಗಷ್ಟೇ ಹೊಡೆಯಬೇಕು. ಗರಡಿಯಲ್ಲಿ ‘ಸಾಮು ತೆಗೆಯುವುದು’ ಎಂಬ ಮಾತು ಹಿರಿಯರಿಗೆ ನೆನಪಿದ್ದೀತು. ನಾಚಾರಂನ ತೆಲುಗು ನೆರೆಯವರು ‘ಕರ್ರ ಸಾಮು’ ಎನ್ನುವುದರಲ್ಲೂ ಇರುವುದು ಅದೇ ಸಾಮು.

ಕಲಿಸುವವರು ಸಿಗುವ ತನಕ ಮಕ್ಕಳು ಕಾಲಿನ ಪಾಠವನ್ನಷ್ಟೇ ಮಾಡಲಿ. ಅದಕ್ಕೆ ಕೋಲು ಬೇಡ, ಖರ್ಚೂ ಇಲ್ಲ. ಬರಿಗಾಲಾದ್ದರಿಂದ ಮಹಡಿಯ ನೆಲ ಕಾಯುವ ಮೊದಲೇ, ಬೆಳಿಗ್ಗೆ ಏಳರೊಳಗೆ ಮುಗಿಸುವುದು ಲೇಸು.