ಸಾಲ ಮಾಡದೆ ಕ್ರಿಸ್‌ಮಸ್ ಉಡುಗೊರೆ

ಡಿಸೆಂಬರ್ 25 ಕ್ರಿಸ್‌ಮಸ್. ಕಾಸರಗೋಡು, ಮಂಜೇಶ್ವರ ಕಡೆಯ ಕೊಂಕಣಿ ಕ್ರೈಸ್ತರು ಆಗ ಕುಸ್ವಾರ್ ಮಾಡುತ್ತಾರೆ. ಕುಸ್ವಾರ್ ಅಂದರೆ ಹಬ್ಬದ ತಿಂಡಿಗಳು. ನೆರೆಮನೆಗೆಲ್ಲ ಹಂಚುವುದು ವಾಡಿಕೆ. ಪೇಟೆ ಸಾಮಾನಿಗೆ ಸಾಲ ಯಾಕೆ? ಇದೇ ಒಳ್ಳೆಯ ಉಡುಗೊರೆ.

ಕಿಡಿಯೊ ಮಾಡುವುದು ಸುಲಭ. ಎರಡು ಲೋಟ ಮೈದಾಕ್ಕೆ ಚಿಟಿಕೆ ಉಪ್ಪು ಹಾಕಿ. ಗಟ್ಟಿ ಕಾಯಿಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಚಪಾತಿ ಹಿಟ್ಟಿನ ಹಾಗೆ ಕಲಸಿ. ಅರ್ಧ ಗಂಟೆ ಮುಚ್ಚಿಡಿ. ಸಣ್ಣ ಸಣ್ಣ ಉಂಡೆ ಮಾಡಿ. ಒಂದೊಂದನ್ನೂ ತೊಳೆದ ಹೊಸ ಬಾಚಣಿಗೆಯ ಮೇಲೆ ಒತ್ತಿ, ಸುರುಳಿ ಸುತ್ತಿ. ಹದ ಉರಿಯಲ್ಲಿ ಕೆಂಪಗೆ ಕರಿಯಿರಿ. ಒಂದು ಲೋಟ ಸಕ್ಕರೆಗೆ ಅರ್ಧ ಲೋಟ ನೀರು ಹಾಕಿ ಕುದಿಸಿ. ಪಾಕ ಎಳೆ ಬಂದಾಗ ಕಿಡಿಯೊ ಹಾಕಿ ತಿರುವಿ.

ಪೂರಾ ಆರಿದ ಮೇಲೆಯೇ ತುಂಬಿ. ಬಿಸಿ ಇರುವಾಗ ಮುಚ್ಚಿದರೆ ಮೆತ್ತಗಾಗುತ್ತದೆ. ಹಳೆ ಪೇಪರಿನಲ್ಲಿ ಕಟ್ಟಬೇಡಿ. ಅದರ ಶಾಯಿ ತಿಂಡಿಗೆ ಹತ್ತುತ್ತದೆ, ಆರೋಗ್ಯಕ್ಕೆ ಕೆಟ್ಟದ್ದು. ತೊಳೆದು ಒಣಗಿಸಿದ ಗಾಜಿನ ಬಾಟ್ಲಿ ಸಾಕು.

ಬಾಟ್ಲಿಗೆ ಒಂದು ಚೀಟಿ ಅಂಟಿಸಿ. ಕೊಡುವವರ, ಪಡೆಯುವವರ ಹೆಸರನ್ನು ನೀವೇ ಬರೆಯಿರಿ. ಅಕ್ಷರ ಸೊಟ್ಟಗಾದರೂ ಚಿಂತೆ ಇಲ್ಲ. ಬೇರೆಯವರ ಕೈಯಲ್ಲಿ ಬರೆಸಬೇಡಿ.

ಚೀಟಿಗೆ ಈ ಸಾಲು ಬರೆದು ಅಭ್ಯಾಸ ಮಾಡಿ: ಕ್ರಿಸ್‌ಮಸ್ ಹಬ್ಬದ ಶುಭಾಶಯಗಳು.